ಬಿಗಿ ಮೇಸ್ತ್ರಿ ತೆರೆದ ಕಿಂಡಿಗಳು

ಅವನನ್ನು ಎಲ್ಲರೂ ಬಿಗಿ ಮೇಸ್ತ್ರಿ ಅಂತಲೇ ಕರೆಯುತ್ತಿದ್ದರು. ಕೈ ಬಿಗಿ ಅಂತಲ್ಲ, ಮಾತು ಬಿಗಿ ಅಂತಲೂ ಅಲ್ಲ. ಅವನು ಕಟ್ಟಿದ ಗೋಡೆ ಬಿಗಿ. ಕರಣೆ ಹಿಡಿದು ಗಾರೆ ಎಳೆದನೆಂದರೆ ಕೂದಲೆಳೆ ತೂರುವಷ್ಟು ಸಂದೂ ಉಳಿಯುತ್ತಿರಲಿಲ್ಲ. "ಈ ಮನೆಯೊಳಗೆ ಇರುವೆ ಬರಬೇಕಾದರೂ ಬಾಗಿಲು ತಟ್ಟಿಯೇ ಬರಬೇಕು" ಎಂದು ಕೆಲಸ ಮುಗಿದ ದಿನ ಮನೆಯವರ ಮುಂದೆ ಹೇಳುವುದು ಅವನ ರೂಢಿ. ಹೇಳಿ, ಮೀಸೆಗೆ ಮೆತ್ತಿದ ಸಿಮೆಂಟನ್ನು ಒರೆಸಿಕೊಳ್ಳುವುದು ಇನ್ನೊಂದು ರೂಢಿ.

ಕೆಲಸ ಕಲಿತದ್ದು ಮಾವನ ಕೈಕೆಳಗೆ. ಆಗಿನ್ನೂ ಮಾವನಲ್ಲ, ಬರೀ ದೊಡ್ಡ ಮೇಸ್ತ್ರಿ. ಇಟ್ಟಿಗೆ ಹೊರಲು ಸೇರಿದವನು ಆರು ವರ್ಷದಲ್ಲಿ ಮೂಲೆ ಎತ್ತುವುದು, ಕಮಾನು ತಿರುಗಿಸುವುದು ಎಲ್ಲ ಕಲಿತ. ಏಳನೇ ವರ್ಷ ದೊಡ್ಡ ಮೇಸ್ತ್ರಿಯ ಮಗಳ ಕೈಹಿಡಿದ. "ಅಪ್ಪ ಇವರಿಗೆ ಗೋಡೆ ನೇರ ನೋಡೋ ತೂಗುಗುಂಡು ಕೊಟ್ಟರು, ಸಾಲದು ಅಂತ ನನ್ನನ್ನೂ ಕೊಟ್ಟರು" ಎಂದು ಅವಳು ಬಂದವರ ಮುಂದೆ ನಗುತ್ತಿದ್ದಳು. ಗಾರೆಯ ಮನೆಯಲ್ಲಿ ಬೆಳೆದವಳು, ಗೋಡೆ ನೋಡಿದರೆ ಅದು ಯಾರ ಕೈ ಎಂದು ಹೇಳಬಲ್ಲಳು. ಗಂಡನ ಕೆಲಸದಲ್ಲಿ ಕುಂದು ಕಂಡರೆ ಮುಲಾಜು ನೋಡುತ್ತಿರಲಿಲ್ಲ. ಅವನೂ ಬೇರೆ ಯಾರ ಮಾತಿಗೂ ಬಗ್ಗದವನು, ಅವಳು ಕತ್ತು ವಾರೆ ಮಾಡಿ ಗೋಡೆಯನ್ನು ನೋಡಿದಳೆಂದರೆ ಸಾಕು, ಸುಮ್ಮನೆ ಹೋಗಿ ಮಟ್ಟ ನೋಡುವ ರಸಮಟ್ಟ ತರುತ್ತಿದ್ದ.

ಪೇಟೆಯ ಅಂಚಿನಲ್ಲಿ ಒಂದು ಬಂಡೆಯ ಇಳಿಜಾರು. ಅಲ್ಲಿ ಮೇಸ್ತ್ರಿ ಸ್ವಂತ ಮನೆ ಕಟ್ಟಿದ. ಇಳಿಜಾರಾದ್ದರಿಂದ ಮನೆಯ ಅಡಿಯಲ್ಲಿ ತಾನಾಗಿಯೇ ಒಂದು ಕೆಳಕೋಣೆ ಸಿಕ್ಕಿತು. ಮೂರು ಗೋಡೆ ಬಂಡೆಗೆ ಒತ್ತಿಕೊಂಡಿದ್ದವು, ನಾಲ್ಕನೆಯದು ಬೀದಿಯ ಕಡೆಗಿತ್ತು. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಹೆಂಡತಿ ಅಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡಳು. ಶಾಲಾ ಮಕ್ಕಳ ಬಿಳಿ ಅಂಗಿ, ಆಸ್ಪತ್ರೆಯವರ ಬಿಳಿ ಕೋಟು ಅವಳ ಕೈಗೆ ಹೆಚ್ಚಾಗಿ ಬರುತ್ತಿದ್ದವು. ಬೆಳಗ್ಗೆ ಅಡುಗೆ ಮುಗಿಸಿ ಇಳಿದರೆ ದೀಪ ಹಚ್ಚುವ ಹೊತ್ತಿಗೇ ಮೇಲೆ ಬರುವುದು.

ಮೂರನೇ ವರ್ಷ ಹತ್ತಿರದಲ್ಲೇ ಕಲ್ಲು ಪುಡಿ ಮಾಡುವ ಕ್ರಷರ್ ಬಂತು. ಬಂದದ್ದೇ ತಡ, ಇಳಿಜಾರಿನ ಮನೆಗಳ ಮೇಲೆಲ್ಲ ಬೂದು ಹಿಟ್ಟು ಜರಡಿ ಹಿಡಿದಂತಾಯಿತು. ಇಸ್ತ್ರಿ ಮಾಡಿಟ್ಟ ಬಿಳಿ ಅಂಗಿಯ ಮೇಲೆ ಬೆರಳಿಟ್ಟರೆ ಗುರುತು ಮೂಡುತ್ತಿತ್ತು. ಹೆಂಡತಿ ಒಂದೇ ಬಟ್ಟೆಯನ್ನು ಎರಡೆರಡು ಸಲ ಒಗೆಯುವುದನ್ನು ಮೇಸ್ತ್ರಿಗೆ ನೋಡಲಾಗಲಿಲ್ಲ. ಒಂದು ಭಾನುವಾರ ಕೂತು ಕೆಳಕೋಣೆಯ ಎರಡೂ ಗವಾಕ್ಷಿಗಳಿಗೆ ಇಟ್ಟಿಗೆ ತುಂಬಿ ಗಾರೆ ಮೆತ್ತಿದ. ಕಿಟಕಿಯ ಚೌಕಟ್ಟಿಗೆ ರಬ್ಬರು ಪಟ್ಟಿ, ಬಾಗಿಲ ಅಡಿಗೆ ಚರ್ಮದ ಪಟ್ಟಿ. ಮರುದಿನದಿಂದ ಧೂಳು ನಿಂತಿತು. ಹೆಂಡತಿಗೆ ಎಷ್ಟು ಸಂತೋಷವಾಯಿತೆಂದರೆ ಆಮೇಲೆ ಹೊಲಿದ ಮೊದಲ ಅಂಗಿಯನ್ನು ಅವನಿಗೇ ಕೊಟ್ಟಳು. ಅಕ್ಕಪಕ್ಕದವರು ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟರು. "ನಮ್ಮ ಮನೆಗೂ ಹೀಗೇ ಮಾಡಿಕೊಡಿ ಮೇಸ್ತ್ರಿ" ಎಂದರು. ಒಂದಾದ ಮೇಲೊಂದರಂತೆ ಇಳಿಜಾರಿನ ಮೂವತ್ತನಾಲ್ಕು ಮನೆಗಳ ಕಿಂಡಿಗಳು ಅವನ ಕೈಯಲ್ಲಿ ಮುಚ್ಚಿಹೋದವು. ಬಿಗಿ ಮೇಸ್ತ್ರಿ ಎಂಬ ಹೆಸರು ಗಟ್ಟಿಯಾದದ್ದು ಆವಾಗಲೇ.

ಕ್ರಷರ್ ಹತ್ತು ವರ್ಷ ಓಡಿ ನಿಂತುಹೋಯಿತು. ಧೂಳೂ ಹೋಯಿತು. ಕಿಂಡಿ ತೆರೆಯಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ, ಮೇಸ್ತ್ರಿಗೂ ಹೊಳೆಯಲಿಲ್ಲ.

ಅದಾಗಿ ಆರು ವರ್ಷಕ್ಕೆ ಕಾಲೇಜಿನ ಮೇಡಂ ಒಬ್ಬರು ಮನೆ ಬಾಗಿಲಿಗೆ ಬಂದರು. ಭೌತಶಾಸ್ತ್ರ ಪಾಠ ಮಾಡುವವರು. ಹೆಗಲಿಗೊಂದು ಚೀಲ, ಚೀಲದ ತುಂಬ ಅಂಗೈಯಷ್ಟಗಲದ ಪ್ಲಾಸ್ಟಿಕ್ ಡಬ್ಬಿಗಳು.

"ಇದನ್ನ ನಿಮ್ಮ ಮನೇಲಿ ಮೂರು ತಿಂಗಳು ತೂಗುಹಾಕಬೇಕು ಮೇಸ್ತ್ರಿಗಳೇ, ಅಷ್ಟೇ. ಬಂಡೆ ಮೇಲಿರೋ ಮನೆಗಳಲ್ಲಿ ಗಾಳಿ ಹೇಗಿದೆ ಅಂತ ಅಳೀತಿದ್ದೀವಿ."

"ಗಾಳೀನ ಅಳೆಯೋದಾ? ಮೊಳದ ಲೆಕ್ಕದಲ್ಲೋ ಸೇರಿನ ಲೆಕ್ಕದಲ್ಲೋ?" ಎಂದ ಮೇಸ್ತ್ರಿ.

ಮೇಡಂ ನಕ್ಕರು, ಬೇಜಾರು ಮಾಡಿಕೊಳ್ಳಲಿಲ್ಲ. "ನೆಲದೊಳಗಿಂದ ರೇಡಾನ್ ಅನ್ನೋ ಒಂದು ಅನಿಲ ಬರುತ್ತೆ. ಅದು ಎಷ್ಟಿದೆ ನೋಡಬೇಕು."

"ನಾನು ಕಟ್ಟಿದ ಮನೇಲಿ ನೆಲದಿಂದ ಏನೂ ಬರಲ್ಲ ಮೇಡಂ. ಇರುವೇನೂ ಬರಲ್ಲ. ಮುಂದಿನ ಮನೆ ನೋಡಿ" ಎಂದು ಅವನು ಕೈ ಮುಗಿದು ಒಳಗೆ ಹೋದ.

ಅವನು ಹೋದ ಮೇಲೆ ಹೆಂಡತಿ ಮೇಡಂಗೆ ನೀರು ಕೊಟ್ಟಳು. "ಅವರ ಮಾತು ಬಿಡಿ. ಒಂದು ಡಬ್ಬಿ ಇಲ್ಲಿ ಕೊಡಿ. ಊಟ ಕೇಳಲ್ಲ, ಜಾಗ ಕೇಳಲ್ಲ, ಇದ್ದರೆ ಇರಲಿ" ಎಂದು ತೆಗೆದುಕೊಂಡಳು. ಹೊಲಿಗೆ ಯಂತ್ರದ ಪಕ್ಕದ ಮೊಳೆಗೆ, ಅಳತೆ ಟೇಪಿನ ಜೊತೆಗೇ ತೂಗುಹಾಕಿದಳು. ಮೇಸ್ತ್ರಿ ಅದನ್ನು ದಾರದ ಡಬ್ಬಿ ಎಂದುಕೊಂಡು ಮೂರು ತಿಂಗಳು ನೋಡಿಕೊಂಡೇ ಓಡಾಡಿದ.

ಮೂರು ತಿಂಗಳಾದ ಮೇಲೆ ಮೇಡಂ ಬಂದು ಡಬ್ಬಿ ಒಯ್ದರು. ಹದಿನೈದು ದಿನ ಬಿಟ್ಟು ಮತ್ತೆ ಬಂದರು. ಈ ಸಲ ಮುಖದಲ್ಲಿ ನಗು ಇರಲಿಲ್ಲ. ಅವತ್ತು ಮೇಸ್ತ್ರಿ ಮನೆಯಲ್ಲೇ ಇದ್ದ. ಮೂವರೂ ಕೆಳಕೋಣೆಗೆ ಇಳಿದರು.

"ಇಬ್ಬರೂ ಕೂತ್ಕೊಳ್ಳಿ" ಎಂದರು. "ಹೆದರಿಸೋಕೆ ಹೇಳ್ತಿಲ್ಲ. ಡಬ್ಬಿಯೊಳಗೆ ಉಗುರಿನಷ್ಟು ಫಿಲ್ಮ್ ಇರುತ್ತೆ. ಆ ಅನಿಲದಿಂದ ಹೊರಡೋ ಕಣಗಳು ಅದರ ಮೇಲೆ ಗೀರು ಹಾಕ್ತವೆ, ನಾವು ಗೀರುಗಳನ್ನ ಎಣಿಸ್ತೀವಿ. ಅಳತೆಗೆ ಬೆಕರೆಲ್ ಅಂತಾರೆ, ಹೆಸರು ಬಿಡಿ, ಸಂಖ್ಯೆ ನೆನಪಿಟ್ಕೊಳ್ಳಿ. ಮನೇಲಿ ನೂರರ ಒಳಗಿದ್ದರೆ ಒಳ್ಳೇದು. ಮುನ್ನೂರು ದಾಟಲೇಬಾರದು. ನಿಮ್ಮ ಕೆಳಕೋಣೇಲಿ ಏಳುನೂರ ಇಪ್ಪತ್ತಿದೆ."

ಮೇಸ್ತ್ರಿಗೆ ಮೊದಲು ಕೋಪವೇ ಬಂತು. "ನಮಗೇನೂ ವಾಸನೆ ಬಂದಿಲ್ಲವಲ್ಲ?"

"ವಾಸನೆ ಇಲ್ಲ, ಬಣ್ಣ ಇಲ್ಲ. ಕಲ್ಲು, ಮಣ್ಣು ಎಲ್ಲದರಲ್ಲೂ ಯುರೇನಿಯಂ ಚೂರು ಚೂರು ಇದ್ದೇ ಇರುತ್ತೆ. ಅದು ಸವೆದು ಸವೆದು ಈ ಅನಿಲ ಹುಟ್ಟುತ್ತೆ. ಬಯಲಿಗೆ ಬಂದರೆ ಗಾಳೀಲಿ ಚದುರಿ ಹೋಗುತ್ತೆ, ಯಾರಿಗೂ ತೊಂದರೆ ಇಲ್ಲ. ಬಿರುಕಿನಿಂದ ಕೋಣೆಗೆ ಬಂದು, ಹೊರಗೆ ಹೋಗೋಕೆ ದಾರಿ ಇಲ್ಲದಿದ್ದರೆ ಅಲ್ಲೇ ತುಂಬ್ಕೊಳ್ಳುತ್ತೆ. ವರ್ಷಾನುಗಟ್ಟಲೆ ಅದನ್ನ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಬರೋ ಅಪಾಯ ಜಾಸ್ತಿ. ಸಿಗರೇಟು ಸೇದೋರಿಗೆ ಇನ್ನೂ ಜಾಸ್ತಿ." ಹೇಳುತ್ತಾ ಮೇಡಂ ಗೋಡೆಗಳನ್ನು ನೋಡಿದರು. "ಈ ಕೋಣೆಗೆ ಗವಾಕ್ಷಿ ಇಟ್ಟಿಲ್ಲವಾ?"

ಮೇಸ್ತ್ರಿ ತಾನು ಗಾರೆ ಮೆತ್ತಿದ ಗೋಡೆಯತ್ತ ತಿರುಗಿದ. ಇಟ್ಟಿದ್ದ. ಇಟ್ಟು, ತನ್ನ ಕೈಯಾರೆ ಮುಚ್ಚಿದ್ದ. ಹದಿನಾರು ವರ್ಷ ಹೆಂಡತಿ ಇಲ್ಲಿ ಬಗ್ಗಿ ಕೂತು ಯಂತ್ರ ತುಳಿದಿದ್ದಾಳೆ. ಸಂಜೆ ಕೆಲಸದಿಂದ ಬಂದು, ಅವಳ ಎದುರಿನ ಸ್ಟೂಲಿನ ಮೇಲೆ ಕೂತು, ಒಂದಾದ ಮೇಲೊಂದು ಸಿಗರೇಟು ಸುಟ್ಟವನು ತಾನೇ. ಮೇಡಂ ಇನ್ನೂ ಏನೇನೋ ಹೇಳುತ್ತಿದ್ದರು, ಅವನಿಗೆ ಕೇಳಿಸಲಿಲ್ಲ. ಎದ್ದು ಹೋಗಿ ಉಳಿ, ಸುತ್ತಿಗೆ ತಂದ. ಮೇಡಂ ಇನ್ನೂ ಕೂತಿರುವಾಗಲೇ ಮೊದಲ ಗವಾಕ್ಷಿಯ ಮೇಲೆ ಏಟು ಬಿತ್ತು.

"ರೀ, ಬಟ್ಟೆ! ಬಟ್ಟೆ ತೆಗೀತೀನಿ ತಡೀರಿ!" ಎಂದು ಹೆಂಡತಿ ಬಿಳಿ ಕೋಟುಗಳನ್ನು ಎದೆಗವಚಿಕೊಂಡು ಓಡಿದಳು.

ಆ ವಾರವೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಎದೆಯ ಫೋಟೋ ತೆಗೆಸಿದರು. ಡಾಕ್ಟರು ಫೋಟೋವನ್ನು ಬೆಳಕಿಗೆ ಹಿಡಿದು ನೋಡುವಷ್ಟು ಹೊತ್ತು ಮೇಸ್ತ್ರಿ ಉಸಿರು ಬಿಡಲಿಲ್ಲ. "ಏನೂ ಇಲ್ಲ, ಚೆನ್ನಾಗಿದೆ" ಎಂದರು ಡಾಕ್ಟರು. ಅವನದೂ ತೆಗೆಸಿದರು. ಅವನದೂ ಪರವಾಗಿಲ್ಲ, ಆದರೆ ಸಿಗರೇಟು ಬಿಡಲೇಬೇಕೆಂದರು. ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮೇಸ್ತ್ರಿ ಮಕ್ಕಳ ಹಾಗೆ ಅತ್ತ. ಜೇಬಿನಲ್ಲಿದ್ದ ಸಿಗರೇಟು ಪ್ಯಾಕನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಅದನ್ನು ಎಸೆದು, "ಏಳಿ, ನೋಡಿದವರು ನಾನೇ ಹೊಡೆದೆ ಅಂದ್ಕೊಳ್ತಾರೆ" ಎಂದಳು.

ಕಿಂಡಿ ತೆರೆದಾಯಿತು, ಎಲ್ಲ ಸರಿಹೋಯಿತು ಎಂದು ಅವನು ನಂಬಿದ್ದ. ಮೇಡಂ ಈ ಸಲ ದಿನದಿನದ ಸಂಖ್ಯೆ ತೋರಿಸುವ ಚಿಕ್ಕ ಯಂತ್ರವನ್ನು ತಂದಿಟ್ಟರು. ಏಳುನೂರು ಇದ್ದದ್ದು ನಾನೂರಕ್ಕೆ ಇಳಿದಿತ್ತು. ಅಲ್ಲೇ ಕಚ್ಚಿಕೊಂಡಿತು, ಇಳಿಯಲೊಲ್ಲದು. ಕಿಟಕಿ ಮುಚ್ಚಿದ ದಿನ ಮತ್ತೆ ಏರುತ್ತಿತ್ತು.

ಮೇಸ್ತ್ರಿಗೆ ಛಲ ಹುಟ್ಟಿತು. ಒಂದು ಗವಾಕ್ಷಿಗೆ ಗಾಳಿ ಹೊರಗೆಳೆಯುವ ದೊಡ್ಡ ಫ್ಯಾನನ್ನು ಕೂರಿಸಿದ. ಇನ್ನೊಂದು ಗವಾಕ್ಷಿಯಿಂದ ಸದ್ದು, ಬಿಸಿಲು ಬರುತ್ತದೆಂದು ಅದಕ್ಕೊಂದು ಹಲಗೆ ಮುಚ್ಚಿ, ಕಿಟಕಿಯನ್ನೂ ಹಾಕಿದ. ಫ್ಯಾನು ಗುಂಯ್ ಎಂದು ತಿರುಗತೊಡಗಿದಾಗ ಅವನಿಗೆ ರಾಜ್ಯ ಗೆದ್ದ ಹಾಗಾಯಿತು. ಮಾರನೇ ದಿನ ಯಂತ್ರ ನೋಡಿದರೆ ಐನೂರ ಅರವತ್ತು!

"ಇದು ಕೆಟ್ಟಿದೆ" ಎಂದ ಯಂತ್ರವನ್ನು ಅಲುಗಾಡಿಸಿ.

"ಕೆಟ್ಟಿಲ್ಲ ಬಿಡಿ, ನನ್ನ ಥರ ನಿಜ ಹೇಳುತ್ತೆ, ಅದಕ್ಕೇ ಸಿಟ್ಟು ನಿಮಗೆ" ಎಂದಳು ಹೆಂಡತಿ. ಅವಳು ಅಂಗಿಯ ಅಂಚು ಮಡಿಚುತ್ತಿದ್ದಳು. ಹಲ್ಲಿನಿಂದ ಕತ್ತರಿಸಿದ ಒಂದು ದಾರದ ತುಂಡು ನೆಲಕ್ಕೆ ಬಿತ್ತು. ಬಿದ್ದದ್ದು ಗೋಡೆಯ ಬುಡದಲ್ಲಿ. ಅದು ಸುಮ್ಮನೆ ಬಿದ್ದಿರಲಿಲ್ಲ, ಹುಳುವಿನ ಹಾಗೆ ತಿರುಗಿ ತಿರುಗಿ ಕೋಣೆಯ ನಡುವಿಗೆ ಸರಿಯುತ್ತಿತ್ತು. ಅವಳು ಹೊಲಿಗೆ ನಿಲ್ಲಿಸಿದಳು. ಇನ್ನೊಂದು ದಾರವನ್ನು ಬೆರಳಲ್ಲಿ ಹಿಡಿದು, ನೆಲಕ್ಕೂ ಗೋಡೆಗೂ ಸೇರುವ ಮೂಲೆಯಲ್ಲಿ ಮಂಡಿಯೂರಿದಳು.

"ರೀ, ಇಲ್ನೋಡಿ. ದಾರ ಅಲುಗಾಡ್ತಿದೆ. ಫ್ಯಾನು ನಿಲ್ಲಿಸಿ."

ಅವನು ನಿಲ್ಲಿಸಿದ. ದಾರ ನಿಂತಿತು. ಹಾಕಿದ. ದಾರ ಮತ್ತೆ ಕುಣಿಯಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫ್ಯಾನು ಕೋಣೆಯ ಗಾಳಿಯನ್ನು ಹೊರಗೆ ಎಳೆಯುತ್ತಿತ್ತು ನಿಜ. ಬದಲಿಗೆ ಒಳಗೆ ಬರಲು ಬೇರೆ ದಾರಿಯಿಲ್ಲದೆ ಗಾಳಿ ಬಂಡೆಯ ಸಂದಿನಿಂದಲೇ ಬರುತ್ತಿತ್ತು. ಮೇಸ್ತ್ರಿ ಹೊಟ್ಟೆಯ ಮೇಲೆ ಮಲಗಿ ಗೋಡೆಯ ಬುಡವನ್ನು ಉಗುರಿನಿಂದ ಕೆರೆದ. ನೆಲದ ಸಿಮೆಂಟು ಗೋಡೆಯಿಂದ ಕೂದಲೆಳೆಯಷ್ಟು ಬಿಟ್ಟುಕೊಂಡಿತ್ತು, ನಾಲ್ಕೂ ಕಡೆ. ನೀರು ಹೋಗುವ ಕೊಳವೆಯ ಸುತ್ತ ಇನ್ನೂ ಹೆಚ್ಚು. ಇರುವೆ ಏನು, ಇಡೀ ಬಂಡೆಯ ಉಸಿರೇ ಬರುವಷ್ಟು ಜಾಗ.

"ನಿಮ್ಮಪ್ಪ ಇದ್ದಿದ್ದರೆ ಕಪಾಳಕ್ಕೆ ಕೊಡ್ತಿದ್ದರು" ಎಂದ.

"ಅಪ್ಪ ಇಲ್ಲ, ನಾನಿದ್ದೀನಿ" ಎಂದು ಅವಳು ಅವನ ತಲೆಯ ಮೇಲೆ ಮೊಟಕಿದಳು.

ಮೇಡಂ ಬಂದಾಗ ದಾರದ ಆಟವನ್ನು ತೋರಿಸಿದರು. ಮೇಡಂ ತಾವೂ ನೆಲಕ್ಕೆ ಕೂತು ನೋಡಿ, "ಇದನ್ನ ನಾನು ಕಪ್ಪುಹಲಗೆ ಮೇಲೆ ಚಿತ್ರ ಬರೆದು ಪಾಠ ಮಾಡ್ತೀನಿ ಅಮ್ಮ, ನೀವು ಒಂದು ದಾರದಲ್ಲಿ ತೋರಿಸಿಬಿಟ್ಟಿರಿ" ಎಂದರು. ಆಮೇಲೆ ಮೂವರೂ ಅಲ್ಲೇ ಕೂತು ಟೀ ಕುಡಿಯುತ್ತಾ ಯೋಚಿಸಿದರು. ಬೇರೆ ಊರುಗಳಲ್ಲಿ ಹೇಗೆ ಮಾಡುತ್ತಾರೆಂದು ಮೇಡಂ ಕಾಗದದ ಮೇಲೆ ಗೀಚಿ ತೋರಿಸಿದರು. ನೆಲದ ಅಡಿಯಲ್ಲಿ ಸಣ್ಣ ಗುಂಡಿ, ಗುಂಡಿಯಿಂದ ಚಾವಣಿಯ ಮೇಲಕ್ಕೊಂದು ಕೊಳವೆ, ಕೊಳವೆಯ ತುದಿಯಲ್ಲಿ ಸದಾ ತಿರುಗುವ ಪುಟ್ಟ ಫ್ಯಾನು. ಅನಿಲ ಕೋಣೆಗೆ ಬರುವ ಮೊದಲೇ ಅದನ್ನು ಅಡಿಯಿಂದಲೇ ಎಳೆದು ಆಕಾಶಕ್ಕೆ ಬಿಡುವುದು.

ಮೇಸ್ತ್ರಿ ಆ ಕಾಗದವನ್ನು ಬಹಳ ಹೊತ್ತು ನೋಡಿದ. ಅವನ ಮುಖ ನಿಧಾನವಾಗಿ ಅರಳಿತು. "ಅಂದರೆ ನೆಲಕ್ಕೆ ಬಿಗಿ, ಗೋಡೆಗೆ ಕಿಂಡಿ. ನಾನು ಉಲ್ಟಾ ಮಾಡಿದ್ದೆ!"

ಎಂಟು ದಿನದ ಕೆಲಸ. ನೆಲ ಒಡೆದು ಮೊಳದಾಳ ಗುಂಡಿ ತೆಗೆದು, ಜಲ್ಲಿ ತುಂಬಿ, ಕೊಳವೆ ನಿಲ್ಲಿಸಿ, ಮೇಲೆ ಹೊಸದಾಗಿ ನೆಲ ಹಾಕಿದ. ಗೋಡೆಯ ಬುಡದ ಸಂದನ್ನು ಸುತ್ತಲೂ ಕೆರೆದು ತುಂಬಿದ. ಜೀವಮಾನದಲ್ಲಿ ಯಾವ ಗೋಡೆಗೂ ಅಷ್ಟು ನಾಜೂಕು ಮಾಡಿರಲಿಲ್ಲ. ಹೆಂಡತಿ ದಾರ ಹಿಡಿದು ಮೊಳಮೊಳಕ್ಕೂ ಪರೀಕ್ಷೆ ಮಾಡಿದಳು. ಎರಡು ಕಡೆ ದಾರ ನಡುಗಿತು, ಎರಡೂ ಕಡೆ ಅವನು ಮತ್ತೆ ಕೆರೆದು ತುಂಬಿದ. ಎರಡೂ ಗವಾಕ್ಷಿಗಳನ್ನು ತೆರೆದು ಸಣ್ಣ ಬಲೆ ಹೊಡೆದ. ಒಂದು ವಾರ ಬಿಟ್ಟು ಯಂತ್ರ ನೋಡಿದರು. ಎಪ್ಪತ್ತು.

ಮೇಸ್ತ್ರಿ ಆ ಎರಡು ಅಂಕಿಗಳನ್ನು ನೋಡುತ್ತಾ ನಿಂತ. "ಮೇಡಂ, ನಾನು ನಿಮ್ಮನ್ನ ಬಾಗಿಲಿಂದ ಕಳಿಸಿದ್ದೆ" ಎಂದ.

"ಕಳಿಸಿದ್ರಿ. ಆದರೆ ಅಮ್ಮ ನೀರು ಕೊಟ್ಟು ಕೂರಿಸಿದರಲ್ಲ" ಎಂದರು ಮೇಡಂ.

ಅಷ್ಟಕ್ಕೇ ಮುಗಿದಿದ್ದರೆ ಇದು ಒಂದು ಮನೆಯ ಕಥೆಯಾಗುತ್ತಿತ್ತು. ಆದರೆ ಮೇಸ್ತ್ರಿಗೆ ಅನ್ನ ಒಳಗೆ ಇಳಿಯಲಿಲ್ಲ. ಮೂವತ್ತನಾಲ್ಕು ಮನೆ. ಯಾರ ಮನೆಯ ಯಾವ ಗೋಡೆಯಲ್ಲಿ ಎಷ್ಟು ಕಿಂಡಿ ಮುಚ್ಚಿದ್ದೇನೆಂಬುದು ಅವನಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. ಒಂದು ಬೆಳಗ್ಗೆ ಉಳಿ ಸುತ್ತಿಗೆಗಳನ್ನು ಚೀಲಕ್ಕೆ ಹಾಕಿಕೊಂಡ. ಹೆಂಡತಿ ಒಂದು ದಾರದುಂಡೆಯನ್ನು ಅವನ ಜೇಬಿಗೆ ತುರುಕಿದಳು.

ಮನೆಮನೆಗೆ ಹೋಗಿ, "ನಾನು ಮಾಡಿದ ಕೆಲಸ ತಪ್ಪಾಗಿದೆ, ಸರಿ ಮಾಡಿಕೊಡ್ತೀನಿ" ಎಂದು ಹೇಳುವುದು ಸುಲಭವಲ್ಲ. ನಲವತ್ತು ವರ್ಷ ಮೀಸೆ ಒರೆಸಿಕೊಂಡವನಿಗೆ ಇನ್ನೂ ಕಷ್ಟ. ನಿವೃತ್ತ ಹೆಡ್ಮಾಸ್ಟರೊಬ್ಬರು, "ಕೈಗೆ ಕೆಲಸ ಇಲ್ಲ ಅಂತ ಹೊಸ ಕಾಯಿಲೆ ಹುಟ್ಟಿಸಿಕೊಂಡು ಬಂದೆಯಾ?" ಎಂದು ಗದರಿದರು. ಒಬ್ಬಾಕೆ, "ಕಾಣದ ಗಾಳಿಗೆ ಹೆದರಿ ಕಾಣೋ ಕಳ್ಳನಿಗೆ ಕಿಂಡಿ ತೆಗೀಲಾ?" ಎಂದು ಬಾಗಿಲು ಹಾಕಿಕೊಂಡಳು. ಮೇಸ್ತ್ರಿ ವಾದ ಮಾಡಲಿಲ್ಲ. ಹಾಗೆ ಬಾಗಿಲು ಹಾಕಿಕೊಂಡವರಲ್ಲಿ ತಾನೂ ಒಬ್ಬನಲ್ಲವೇ? ಮೇಡಂ ಕೊಟ್ಟ ಡಬ್ಬಿಯನ್ನು ಜಗಲಿಯ ಮೇಲಿಟ್ಟು, "ಮೂರು ತಿಂಗಳು ಇರಲಿ, ಆಮೇಲೆ ನೀವೇ ಬೈಯಿರಿ" ಎಂದು ಮುಂದಿನ ಮನೆಗೆ ಹೋಗುತ್ತಿದ್ದ. ಮೂರು ತಿಂಗಳು ಕಳೆದ ಮೇಲೆ ಹೆಡ್ಮಾಸ್ಟರೇ ಹುಡುಕಿಕೊಂಡು ಬಂದರು. ಅವರ ಮನೆಯಲ್ಲಿ ಮುನ್ನೂರ ತೊಂಬತ್ತು. ಕೆಲವು ಮನೆಗಳಲ್ಲಿ ಐವತ್ತು, ಅರವತ್ತು, ಏನೂ ಮಾಡಬೇಕಾಗಿರಲಿಲ್ಲ. ಬಂಡೆ ಒಂದೇ ಆದರೂ ಮನೆ ಮನೆಗೆ ಬೇರೆ ಲೆಕ್ಕ. ಬಹಳ ಮನೆಗಳಿಗೆ ಕಿಂಡಿ ತೆರೆದು ಬುಡದ ಸಂದು ತುಂಬಿದ್ದೇ ಸಾಕಾಯಿತು. ಒಂಬತ್ತು ಮನೆಗಳಿಗೆ ಮಾತ್ರ ಗುಂಡಿ, ಕೊಳವೆ ಬೇಕಾಯಿತು.

ಒಂದು ಮನೆಗೆ ಮಾತ್ರ ಅವನು ಕೊನೆಯವರೆಗೂ ಹೋಗಿರಲಿಲ್ಲ. ಅದು ಲಾರಿ ಡ್ರೈವರನ ಮನೆ. ಡ್ರೈವರನ ಹೆಂಡತಿಗೆ ಧೂಳು ಆಗುತ್ತಿರಲಿಲ್ಲವೆಂದು ಅವಳು ಮಲಗುವ ಕೆಳಕೋಣೆಯನ್ನು ಮೇಸ್ತ್ರಿ ಎಲ್ಲಕ್ಕಿಂತ ಬಿಗಿಯಾಗಿ ಮುಚ್ಚಿಕೊಟ್ಟಿದ್ದ. ಆಕೆ ತೀರಿಹೋಗಿ ಎರಡು ವರ್ಷವಾಗಿತ್ತು. ಶ್ವಾಸಕೋಶದ ಕ್ಯಾನ್ಸರ್.

ಮೇಸ್ತ್ರಿ ಆ ಬೀದಿಯನ್ನು ಬಳಸಿಕೊಂಡು ಓಡಾಡುತ್ತಿದ್ದ. ಒಂದು ದಿನ ಹೆಂಡತಿಯೇ, "ಎಷ್ಟು ದಿನ ಸುತ್ತು ಹಾಕ್ತೀರಿ? ನಾನೂ ಬರ್ತೀನಿ ನಡೀರಿ" ಎಂದಳು. ಅವನು, "ಬೇಡ, ಇದು ನಾನೊಬ್ಬನೇ ಹೇಳಬೇಕಾದ್ದು" ಎಂದು ಹೋದ.

ಡ್ರೈವರ್ ಜಗಲಿಯ ಮೇಲೆ ಕೂತು ಮೊಮ್ಮಗಳ ಸೈಕಲ್ಲಿಗೆ ಚೈನು ಹಾಕುತ್ತಿದ್ದ. ಮೇಸ್ತ್ರಿ ಕೂರಲಿಲ್ಲ. ನಿಂತೇ ಎಲ್ಲ ಹೇಳಿದ. ಅನಿಲ, ಕಿಂಡಿ, ಏಳುನೂರ ಇಪ್ಪತ್ತು, ಹೆಂಡತಿಯ ಎದೆಯ ಫೋಟೋ, ಎಲ್ಲ. ಕೊನೆಗೆ, "ಡ್ರೈವರಣ್ಣ, ಅತ್ತಿಗೆ ಕೋಣೆಯ ಕಿಂಡಿ ಮುಚ್ಚಿದವನು ನಾನು" ಎಂದ. "ಮೇಡಂ ಹತ್ತಿರ ಕೇಳಿದೆ. ಯಾರಿಗೆ ಯಾತರಿಂದ ಬಂತು ಅಂತ ಖಚಿತವಾಗಿ ಹೇಳೋಕೆ ಯಾರಿಂದಲೂ ಆಗಲ್ಲ ಅಂದರು. ಆದರೂ ನನಗೆ ಹೇಳದೆ ಇರೋಕೆ ಆಗಲಿಲ್ಲ."

ಡ್ರೈವರನ ಕೈಯಲ್ಲಿದ್ದ ಚೈನು ಜಾರಿತು. ಅವನು ಗ್ರೀಸು ಹತ್ತಿದ ಬೆರಳುಗಳನ್ನೇ ನೋಡುತ್ತಾ ಕೂತಿದ್ದ. ಮೇಸ್ತ್ರಿ ಏಟಿಗೆ ಕಾಯುವವನಂತೆ ನಿಂತಿದ್ದ.

"ಆಸ್ಪತ್ರೇಲಿ ಮೊದಲು ಕೇಳಿದ್ದೇ ಅದು" ಎಂದ ಡ್ರೈವರ್ ಕೊನೆಗೆ. "ಮನೇಲಿ ಯಾರು ಸೇದೋದು ಅಂತ. ಅವಳು ಸೇದಿದವಳಲ್ಲ. ನಾನು ಸೇದ್ತಿದ್ದೆ. ಲಾರಿಯಿಂದ ಇಳಿದು ಬಂದವನು ಅವಳ ಮಂಚದ ಪಕ್ಕ ಕೂತು ಸೇದ್ತಿದ್ದೆ. ಎರಡು ವರ್ಷದಿಂದ ದಿನಾ ಕನ್ನಡಿ ನೋಡಿದಾಗ ಅನಿಸೋದು, ಕೊಂದವನು ನಾನೇ ಅಂತ. ಯಾರ ಹತ್ತಿರಾನೂ ಹೇಳಿಲ್ಲ, ಮಗನ ಹತ್ತಿರಾನೂ." ಅವನು ಜಾರಿದ ಚೈನನ್ನು ಎತ್ತಿ ಪಕ್ಕಕ್ಕಿಟ್ಟ. "ಒಬ್ಬನೇ ಹೊತ್ತಿದ್ದೆ ಮೇಸ್ತ್ರಿ. ಇವತ್ತು ನೀನು ಬಂದು ಒಂದು ಕಡೆ ಹೆಗಲು ಕೊಟ್ಟೆ."

ಮೇಸ್ತ್ರಿ ಆಗ ಕೂತ. ಇಬ್ಬರು ಗಂಡಸರು ಅರ್ಧ ಬಿಚ್ಚಿದ ಸೈಕಲ್ಲಿನ ಆಚೀಚೆ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಡ್ರೈವರ್ ಕಣ್ಣೊರೆಸಿಕೊಂಡು ಎದ್ದ. ಒರೆಸಿದ ಕಡೆಯೆಲ್ಲ ಗ್ರೀಸು ಮೆತ್ತಿಕೊಂಡಿತು.

"ಈಗ ಆ ಕೋಣೇಲಿ ಮೊಮ್ಮಗಳು ಓದ್ಕೊಳ್ತಾಳೆ. ಬಾ, ಒಡಿ. ಇವತ್ತೇ ಒಡಿ."

ಅಲ್ಲಿ ಇಟ್ಟ ಯಂತ್ರ ಎಂಟುನೂರ ತೊಂಬತ್ತು ತೋರಿಸಿತು. ಇಳಿಜಾರಿನ ಯಾವ ಮನೆಯಲ್ಲೂ ಅಷ್ಟಿರಲಿಲ್ಲ. ಡ್ರೈವರ್ ತಾನೇ ಗುಂಡಿ ಅಗೆದ, ತಾನೇ ಜಲ್ಲಿ ಹೊತ್ತ, ಬೇಡವೆಂದರೂ ಕೇಳಲಿಲ್ಲ. ಕೆಲಸ ಮುಗಿದ ಮೇಲೆ ಐವತ್ತೈದಕ್ಕೆ ಇಳಿಯಿತು. ಮೊಮ್ಮಗಳು ಗೋಡೆಯ ಮೇಲೆ ಸೀಸದ ಕಡ್ಡಿಯಿಂದ ದಪ್ಪಗೆ ಐವತ್ತೈದು ಎಂದು ಬರೆದು, ಪಕ್ಕದಲ್ಲಿ, "ಮೇಸ್ತ್ರಿ ತಾತನಿಗೆ ಥ್ಯಾಂಕ್ಸ್" ಎಂದು ಸೇರಿಸಿದಳು. ಡ್ರೈವರ್ ಆ ಗೋಡೆಗೆ ಇಂದಿಗೂ ಸುಣ್ಣ ಹೊಡೆಸಿಲ್ಲ.

ಮೂರು ವರ್ಷ ಹಿಡಿಯಿತು ಎಲ್ಲ ಮನೆಗಳನ್ನೂ ಮುಗಿಸಲು. ಅಷ್ಟರೊಳಗೆ ಯಾರೋ ಕಿಂಡಿ ಮೇಸ್ತ್ರಿ ಎಂದು ಕರೆದು, ಆ ಹೆಸರೇ ನಿಂತಿತು. ಆಮೇಲೆ ಏಣಿ ಹತ್ತಿ ಇಳಿದು ಅವನ ಮಂಡಿ ಕೈಕೊಟ್ಟಿತು. ಆಸ್ಪತ್ರೆಗೆ ಸೇರಿಸಿ ಆಪರೇಷನ್ ಮಾಡಿದರು. ನೋಡಲು ಬಂದವರಿಗೆ ಲೆಕ್ಕವಿಲ್ಲ. ಹೆಡ್ಮಾಸ್ಟರು ಬಂದರು, ಬಂದವರೇ ಮೊದಲು ವಾರ್ಡಿನ ಕಿಟಕಿ ತೆರೆದು ಆಮೇಲೆ, "ಹೇಗಿದ್ದೀಯಪ್ಪ?" ಎಂದರು. ಅವರು ಹೋದ ಮೇಲೆ ನರ್ಸು ಬಂದು ಕಿಟಕಿ ಮುಚ್ಚಿದಳು. ಕಳ್ಳನಿಗೆ ಹೆದರಿದ್ದ ಆಕೆ ಬಂದಳು, ಅವಳೂ ಕಿಟಕಿ ತೆರೆದಳು. ನರ್ಸು ಮುಚ್ಚಿದಳು. ಡ್ರೈವರ್ ಬಂದ, ತೆರೆದ. ಮೂರನೇ ಸಲಕ್ಕೆ ನರ್ಸು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಮ್ಮ ಇದು, ನಿಮ್ಮ ಕಡೆಯವರಿಗೆಲ್ಲ ಕಿಟಕಿ ಹುಚ್ಚಾ?"

ಹೆಂಡತಿ ನಕ್ಕು ಸುಸ್ತಾದಳು. ಆಮೇಲೆ ಆಕೆಯನ್ನು ಮಂಚದ ಅಂಚಿನಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದಳು. ನರ್ಸಿನ ಮುಖ ಸಣ್ಣದಾಯಿತು. "ನಮ್ಮಮ್ಮ ಮಲಗೋದೂ ಕೆಳಕೋಣೇಲೇ. ಎದ್ದರೆ ತಲೆ ಭಾರ ಅಂತಾಳೆ. ನೀವು ಒಂದು ಸಲ ಬಂದು..." ಎಂದು ಮೇಸ್ತ್ರಿಯ ಕಡೆ ತಿರುಗಿದಳು.

"ನಾಳೇನೇ ಬರ್ತೀನಮ್ಮ" ಎಂದು ಅವನು ಎದ್ದೇಬಿಟ್ಟ.

"ಮೊದಲು ಬಚ್ಚಲವರೆಗೆ ನಡೀರಿ, ಆಮೇಲೆ ಅವರ ಮನೆ" ಎಂದು ಹೆಂಡತಿ ಹೆಗಲೊತ್ತಿ ಮಲಗಿಸಿದಳು.

ಎರಡು ತಿಂಗಳಾದ ಮೇಲೆ ಮೇಸ್ತ್ರಿ ಡ್ರೈವರನನ್ನು ಕರೆದುಕೊಂಡು ನರ್ಸಿನ ಮನೆಗೆ ಹೋದ. ಮೇಡಂ ಆಗಲೇ ಅಳತೆ ಮಾಡಿಸಿದ್ದರು. ತೊಂಬತ್ತು, ಹೆದರುವಂಥದ್ದಲ್ಲ. ಆದರೂ ಕೋಣೆ ಪೆಟ್ಟಿಗೆಯ ಹಾಗಿತ್ತು. ಮೇಸ್ತ್ರಿ ಕುರ್ಚಿಯ ಮೇಲೆ ಕೂತು ಕೋಲಿನಿಂದ ತೋರಿಸಿದ. ಡ್ರೈವರ್ ಉಳಿ ಹಿಡಿದ. ಸಂಜೆಯೊಳಗೆ ಎದುರುಬದುರು ಎರಡು ಗವಾಕ್ಷಿ ಆದವು. ಹದಿನೈದು ದಿನ ಬಿಟ್ಟು ನರ್ಸಿನ ತಾಯಿ ಮಗಳ ತೋಳು ಹಿಡಿದು ಮೇಸ್ತ್ರಿಯ ಮನೆಗೇ ಬಂದರು.

"ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪ. ಬೆಳಗ್ಗೆ ತಲೆಭಾರ ಇಲ್ಲ. ಅದೇನೋ ಅನಿಲ ಅಂತಲ್ಲ, ಓಡಿಸಿಬಿಟ್ಟೆ."

"ಅದು ಆ ಅನಿಲ ಅಲ್ಲಜ್ಜಿ, ಅದಕ್ಕೆ ತಲೆನೋವು ಬರಲ್ಲ. ನಿಮ್ಮ ಕೋಣೇಲಿ ಗಾಳಿಯೇ ಇರಲಿಲ್ಲ, ಅಷ್ಟೆ" ಎಂದ ಮೇಸ್ತ್ರಿ ಪ್ರಾಮಾಣಿಕವಾಗಿ.

"ಯಾವುದಾದರೇನು, ನನಗೆ ನಿದ್ದೆ ಬಂತಲ್ಲ" ಎಂದರು ಅಜ್ಜಿ.

ಅವರನ್ನು ಬೀದಿಯವರೆಗೆ ಬಿಟ್ಟು ಬಂದು ಮೇಸ್ತ್ರಿ ಕೆಳಕೋಣೆಗೆ ಇಳಿದ. ಹೆಂಡತಿ ಕಾಲರು ಹೊಲಿಯುತ್ತಿದ್ದಳು. ಎದುರಿಗೆ ಸ್ಟೂಲು ಎಳೆದುಕೊಂಡು ಕೂತ. ಏನೋ ಹೇಳಬೇಕೆಂದು ಬಾಯಿ ತೆರೆದ. ಅವಳು ತಲೆಯೆತ್ತಿ, "ಏನ್ರೀ?" ಎಂದಳು.

"ಏನಿಲ್ಲ. ನೀನು ಇದ್ದೀಯಲ್ಲ, ಅಷ್ಟು ಸಾಕು ನನಗೆ."

"ಇದ್ದೀನಿ. ಆ ಗುಂಡಿ ಡಬ್ಬಿ ಈ ಕಡೆ ಕೊಡಿ" ಎಂದಳು. ಅವನು ಎದ್ದು ಕೊಟ್ಟ, ಕೂತು ಅವಳು ಒಂದೊಂದೇ ಗುಂಡಿ ಹಾಕುವುದನ್ನು ನೋಡತೊಡಗಿದ.